ಗೃಹಸ್ಥ ಸೇನಾನಿ

(ಸೇನಾ ದಿನದಂದು ಶ್ರೀಮಠದ ಆವರಣದಲ್ಲಿ ಸೇರಿದ್ದ ಮಾಜಿ ಸೈನಿಕರನ್ನೂ ಅವರ ಕುಟುಂಬದವರನ್ನೂ ಉದ್ದೇಶಿಸಿ ದಯಪಾಲಿಸಿದ ಆಶೀರ್ವಚನ)



ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ನಿಮ್ಮ ಮನೆಯ ಡಬ್ಬಿಗಳಲ್ಲಿ ಉಳಿದಿರುವಾಗಲೇ ಈ ಜನವರಿ 15 ಬರುತ್ತದೆ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂಬುದು ಹಿರಿಯರು ಹಾಕಿಕೊಟ್ಟ ರೂಢಿ. ಇಂದು ಒಳ್ಳೆಯ ಮಾತನ್ನಾಡುವುದಕ್ಕೆ ನಮಗೆ ಒಬ್ಬ ಒಳ್ಳೆಯ ಮನುಷ್ಯರ ನೆನಪೇ ಒದಗಿ ಬಂದಿದೆ. 1949ನೆಯ ಇಸವಿಯಲ್ಲಿ ಇದೇ ದಿವಸ ಸರ್ ರಾಯ್ ಬುಚರ್ ಎಂಬ ಆಂಗ್ಲ ಸೇನಾಪತಿಯ ಕೈಯಿಂದ ಭಾರತದ ಸೇನೆಯ ಅಧಿಕಾರ ಮೊಟ್ಟಮೊದಲಿಗೆ ಒಬ್ಬ ಭಾರತೀಯನ ಕೈಗೆ ಬಂದಿತು. ಆ ಭಾರತೀಯ ನಮ್ಮ ನೆರೆಯವರು. ಕೊಡಗಿನ ಶನಿವಾರಸಂತೆಯಲ್ಲಿ 1899ರ ಜನವರಿ 28ರಂದು ಹುಟ್ಟಿದ ಕೋದಂಡೇರ ಮಾದಪ್ಪ ಕಾರ್ಯಪ್ಪನವರು. ಅದರ ನೆನಪಿಗಾಗಿಯೇ ದೇಶವೆಲ್ಲ ಈ ದಿನವನ್ನು ಸೇನಾ ದಿನವೆಂದು ಆಚರಿಸುತ್ತದೆ.

ಕಾರ್ಯಪ್ಪನವರನ್ನು ಮಹಾದಂಡನಾಯಕರೆಂದು ಹೊಗಳುವವರು ಬಹಳ ಮಂದಿ ಇದ್ದಾರೆ. ಅದನ್ನು ನಮಗಿಂತ ಚೆನ್ನಾಗಿ ನೀವು ಬಲ್ಲಿರಿ. ನೀವು ಸಮವಸ್ತ್ರ ತೊಟ್ಟವರು, ನಾವು ಕಾವಿ ತೊಟ್ಟವರು. ಯುದ್ಧದ ವ್ಯೂಹಗಳ ಮಾತು ನಮ್ಮ ಬಾಯಲ್ಲಿ ಒಪ್ಪುವುದಿಲ್ಲ. ಆದರೆ ಈ ಸಭೆಯಲ್ಲಿ ಸೈನಿಕರಷ್ಟೇ ಇಲ್ಲ. ಅವರ ಮಡದಿಯರಿದ್ದೀರಿ, ಮಕ್ಕಳಿದ್ದೀರಿ, ಮಗನನ್ನು ದೂರದ ಹಿಮದಲ್ಲಿ ಬಿಟ್ಟು ಇಲ್ಲಿ ಬಂದು ಕುಳಿತಿರುವ ತಾಯಂದಿರಿದ್ದೀರಿ. ಆದುದರಿಂದ ಇಂದು ನಾವು ಸೇನಾನಿ ಕಾರ್ಯಪ್ಪನವರ ಜೊತೆಗೆ ತಂದೆ ಕಾರ್ಯಪ್ಪನವರನ್ನೂ ನೆನೆಯೋಣ. ಮನೆಯನ್ನು ಪ್ರೀತಿಸುವವನು ನಾಡನ್ನು ಪ್ರೀತಿಸಬಲ್ಲನೇ? ನಾಡಿಗಾಗಿ ನಿಂತವನು ಮನೆಗೆ ಒಳ್ಳೆಯವನಾಗಿರಬಲ್ಲನೇ? ಈ ಎರಡು ಪ್ರಶ್ನೆಗಳು ನಿಮ್ಮ ಪ್ರತಿಯೊಂದು ಮನೆಯಲ್ಲಿಯೂ ಎದ್ದಿವೆ ಎಂಬುದು ನಮಗೆ ಗೊತ್ತಿದೆ. ಕೆಲವರು ಬಾಯಿ ಬಿಟ್ಟು ಕೇಳುತ್ತೀರಿ, ಹಲವರು ಕೇಳದೆ ನುಂಗಿಕೊಂಡಿದ್ದೀರಿ.

ಮೊದಲು ಅವರ ಜೀವನವನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿದ್ದವರು. ಮನೆಯವರು ಈ ಹುಡುಗನನ್ನು ‘ಚಿಮ್ಮ’ ಎಂದು ಕರೆಯುತ್ತಿದ್ದರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮುಂದಿನ ಓದು. ಮೊದಲ ಮಹಾಯುದ್ಧ ಮುಗಿದ ಮೇಲೆ ಭಾರತೀಯರಿಗೂ ಸೇನೆಯಲ್ಲಿ ಅಧಿಕಾರಿಗಳಾಗುವ ಬಾಗಿಲು ಸ್ವಲ್ಪ ತೆರೆಯಿತು. ಇಂದೂರಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿ ಕಾರ್ಯಪ್ಪನವರಿದ್ದರು, 1919ರಲ್ಲಿ ಅಧಿಕಾರಿಯಾದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ ಅವರು. 1942ರಲ್ಲಿ ಒಂದು ಬೆಟಾಲಿಯನ್ನಿನ ಮುಖ್ಯಾಧಿಕಾರವನ್ನು ಪಡೆದ ಮೊದಲ ಭಾರತೀಯರೂ ಅವರೇ. ‘ಮೊದಲನೆಯವರು’ ಎಂಬ ಮಾತನ್ನು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸುತ್ತಲಿರುವವರೆಲ್ಲ ಪರದೇಶದವರು; ಈತ ತಪ್ಪುವುದನ್ನೇ ಕಾಯುವ ಕಣ್ಣುಗಳು ಹಲವು; ತಾನು ಎಡವಿದರೆ ಹಿಂದೆ ಬರುವವರಿಗೆಲ್ಲ ಬಾಗಿಲು ಮುಚ್ಚಿಹೋದೀತೆಂಬ ಅಂಜಿಕೆ. ಮೊದಲನೆಯವನಾಗುವುದೆಂದರೆ ಇಂತಹ ಹೊರೆಯನ್ನು ಹೊರುವುದು. ಹೆಸರಿನಲ್ಲಿಯೇ ಕಾರ್ಯವನ್ನು ಇಟ್ಟುಕೊಂಡಿದ್ದ ಮಹನೀಯರು ಮೂವತ್ತು ವರ್ಷಕಾಲ ಈ ಹೊರೆಯನ್ನು ತಲೆ ಬಾಗಿಸದೆ ಹೊತ್ತರು.

ಇನ್ನು ಅವರ ಮನೆಯ ಮಾತು. 1937ರಲ್ಲಿ ಅವರಿಗೆ ವಿವಾಹವಾಯಿತು. ಒಬ್ಬ ಮಗ, ಒಬ್ಬಳು ಮಗಳು. ಇಲ್ಲಿ ನಾವು ಸತ್ಯವನ್ನೇ ಹೇಳಬೇಕು; ದೊಡ್ಡವರ ಸ್ಮರಣೆ ಮಾಡುವಾಗ ಅವರ ನೋವನ್ನು ಮುಚ್ಚಿಟ್ಟರೆ ಅದು ಸ್ಮರಣೆಯಾಗುವುದಿಲ್ಲ. ಅವರ ದಾಂಪತ್ಯ ಬಹುಕಾಲ ಉಳಿಯಲಿಲ್ಲ. 1945ರಲ್ಲಿ ದಂಪತಿಗಳು ಬೇರೆಯಾದರು. ಅದಾದ ಮೂರು ವರ್ಷಗಳಲ್ಲಿ ಆ ತಾಯಿ ಅಪಘಾತವೊಂದರಲ್ಲಿ ತೀರಿಕೊಂಡರು. ಮಗನಿಗೆ ಆಗ ಹತ್ತು ವರ್ಷ, ಮಗಳಿಗೆ ಐದು. ಅದು ಎಂತಹ ಕಾಲ? ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದೆ. ಪಶ್ಚಿಮದ ಸೇನಾ ವಿಭಾಗದ ಹೊಣೆ ಕಾರ್ಯಪ್ಪನವರ ಮೇಲಿದೆ. ಝಂಗರ್ ಮರಳಿ ಬರಬೇಕು. ಝೋಜಿ ಲಾ ಕಣಿವೆಯನ್ನು ಗೆದ್ದು ಲೇಹ್ ಪಟ್ಟಣಕ್ಕೆ ದಾರಿ ತೆರೆಯಬೇಕು. ಇನ್ನೊಬ್ಬ ಕೊಡಗಿನ ವೀರ ತಿಮ್ಮಯ್ಯನವರು ಆ ಎತ್ತರದ ಕಣಿವೆಗೆ ಟ್ಯಾಂಕುಗಳನ್ನೇ ಏರಿಸಿ 1948ರ ನವೆಂಬರ್ 1ರಂದು ಅದನ್ನು ಗೆದ್ದುಕೊಟ್ಟರು. ಅಂತಹ ದಿನಗಳಲ್ಲಿ, ಹಗಲೆಲ್ಲ ಯುದ್ಧದ ನಕ್ಷೆಯ ಮುಂದೆ ನಿಂತ ಮನುಷ್ಯನಿಗೆ, ತಾಯಿಯಿಲ್ಲದ ಎರಡು ಮಕ್ಕಳಿದ್ದವು. ಅವರಿಗೆ ತಂದೆಯೂ ಅವರೇ, ತಾಯಿಯೂ ಅವರೇ ಆಗಬೇಕಾಯಿತು.

ತಾಯಿಯಿಲ್ಲದ ಮಕ್ಕಳನ್ನು ಸಾಕುವ ತಂದೆ ಸಾಮಾನ್ಯವಾಗಿ ಏನು ಮಾಡುತ್ತಾನೆ? ಅವಳ ಕೊರತೆ ಕಾಣದಿರಲೆಂದು ಕೇಳಿದ್ದನ್ನೆಲ್ಲ ಕೊಡಿಸುತ್ತಾನೆ. ತಪ್ಪನ್ನು ಕಂಡೂ ಕಾಣದಂತಿರುತ್ತಾನೆ. ಕಾರ್ಯಪ್ಪನವರು ಹಾಗೆ ಮಾಡಲಿಲ್ಲ. ಅವರ ಮಗ ಹೇಳಿರುವ ಒಂದು ಪ್ರಸಂಗವಿದೆ. ಅವರು ದೆಹಲಿಯಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲ. ಅಧಿಕಾರಿಗಳ ಮಕ್ಕಳನ್ನು ಶಾಲೆಯಿಂದ ಕರೆತರಲು ಸೇನೆಯ ಒಂದು ಲಾರಿ ಬರುತ್ತಿತ್ತು. ಒಂದು ದಿನ ಲಾರಿ ಬರಲಿಲ್ಲ. ತಂದೆಯ ಕೆಳಗಿದ್ದ ಒಬ್ಬ ಕಿರಿಯ ಅಧಿಕಾರಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಸರ್ಕಾರಿ ಕಾರನ್ನು ಕಳುಹಿಸಿ ಮಕ್ಕಳನ್ನು ಮನೆಗೆ ತರಿಸಿದರು. ಬಾಲಕನಿಗೆ ಕಾರಿನಲ್ಲಿ ಕುಳಿತ ಸಂತೋಷವೇ ಸಂತೋಷ. ಕೆಲವು ದಿನಗಳ ಮೇಲೆ ಬೆಳಗಿನ ಉಪಾಹಾರದ ಹೊತ್ತಿನಲ್ಲಿ ತಂದೆಯ ಮುಂದೆ ಅದನ್ನು ಹೇಳಿದನು. ತಂದೆ ಕೆಂಡವಾದರು. ಆ ಅಧಿಕಾರಿಯನ್ನು ಕರೆದು ಸರ್ಕಾರದ ವಾಹನವನ್ನು ಮನೆಯ ಕೆಲಸಕ್ಕೆ ಬಳಸಿದ್ದು ಏಕೆಂದು ಗದರಿಸಿದರು. ಆ ಪ್ರಯಾಣದ ವೆಚ್ಚವನ್ನು ಕೂಡಲೇ ಕಟ್ಟಿ, ತಮ್ಮ ಸ್ವಂತ ಲೆಕ್ಕಕ್ಕೆ ಹಾಕಬೇಕೆಂದು ಆಜ್ಞೆ ಮಾಡಿದರು.

ಕೇಳಿದವರು ನಗಬಹುದು. ‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಕೋಪವೇ?’ ಎನ್ನಬಹುದು. ಸ್ವಲ್ಪ ವಿಚಾರ ಮಾಡಿ ನೋಡಿ. ಆ ದಿನ ಲಾರಿ ಬಾರದೆ ಇದ್ದುದು ಎಷ್ಟು ಮನೆಯ ಮಕ್ಕಳಿಗೆ? ಕಾರು ಯಾರ ಮಗನ ಸಲುವಾಗಿ ಬಂದಿತು? ಲೆಕ್ಕ ಪೆಟ್ರೋಲಿನದಾಗಿರಲಿಲ್ಲ. ಸೇನಾಪತಿಯ ಮಗನೆಂದು ಒಂದು ಕೂಸನ್ನು ಉಳಿದ ಕೂಸುಗಳಿಂದ ಬೇರೆ ಮಾಡಿದ್ದು ಅವರ ಮನಸ್ಸಿಗೆ ತಗುಲಿತು. ಮಗನ ಮೇಲಿನ ಪ್ರೀತಿ ಕಡಿಮೆಯಾಗಿ ಕೋಪ ಬರಲಿಲ್ಲ. ನನ್ನ ಮಗ ತನಗೆ ಸಲ್ಲದುದನ್ನು ಸಂತೋಷದಿಂದ ಪಡೆಯುವವನಾಗಬಾರದೆಂಬ ಪ್ರೀತಿಯಿಂದಲೇ ಕೋಪ ಬಂದಿತು.

ಪರರ ಮಾತೇಕೆ, ನಮ್ಮದೇ ಮಾತನ್ನು ಹೇಳುತ್ತೇವೆ. ಪೀಠದಲ್ಲಿ ಕುಳಿತವರು ಬರೀ ಉಪದೇಶ ಮಾಡಿದರೆ ಸಾಲದು; ತಮ್ಮ ತಪ್ಪನ್ನೂ ಭಕ್ತರ ಮುಂದೆ ಇಡಬೇಕು. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ನಮ್ಮ ಪ್ರಸಾದ ನಿಲಯಕ್ಕೆ ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದೆವು. ಕೊನೆಗೆ ಒಂದೇ ಒಂದು ಸ್ಥಾನ ಉಳಿದಿತ್ತು. ಹಿಂದಿನ ಸಂಜೆ ನಮ್ಮ ಪೂರ್ವಾಶ್ರಮದ ತಂಗಿ ಬಂದು, ತನ್ನ ಮಗನಿಗೆ ಆ ಸ್ಥಾನ ಬೇಕೆಂದು ಕೇಳಿದ್ದಳು. ಅವರ ಮನೆಯಲ್ಲಿ ಬಡತನವೇನೂ ಇರಲಿಲ್ಲ. ನಾವು ‘ಆಗಲಿ’ ಎಂದುಬಿಟ್ಟೆವು. ಮಾರನೆಯ ಬೆಳಗ್ಗೆ ಒಬ್ಬ ತಾಯಿ ಮಗನ ಕೈ ಹಿಡಿದು ಜಗುಲಿಯ ಮೇಲೆ ಬಂದು ನಿಂತಳು. ಗಂಡ ಸಿಪಾಯಿಯಾಗಿದ್ದವನು, ಕಾಯಿಲೆಯಿಂದ ತೀರಿಕೊಂಡಿದ್ದ. ಕಾಗದಪತ್ರಗಳು ಎಲ್ಲಿಯೋ ಸಿಕ್ಕಿಕೊಂಡು ಪಿಂಚಣಿ ಇನ್ನೂ ಕೈಗೆ ಬಂದಿರಲಿಲ್ಲ. ‘ಜಾಗ ತುಂಬಿದೆ’ ಎಂದು ವ್ಯವಸ್ಥಾಪಕರು ಹೇಳಿದರು. ಅದು ಸುಳ್ಳಲ್ಲ, ನಿಜವಾಗಿಯೂ ತುಂಬಿತ್ತು, ಹಿಂದಿನ ಸಂಜೆ ನಮ್ಮ ಒಂದು ಮಾತಿನಿಂದ ತುಂಬಿತ್ತು. ಆ ತಾಯಿ ನಮಗೆ ನಮಸ್ಕಾರ ಮಾಡಿ ‘ಆಗಲಿ ಬುದ್ಧಿ’ ಎಂದು ಹೇಳಿ ಹೊರಟುಹೋದಳು. ಒಂದು ಮಾತು ಬೈದಿದ್ದರೂ ನಮಗೆ ಹಗುರವಾಗುತ್ತಿತ್ತು.

ಅದೇ ವರ್ಷ ಚಳಿಗಾಲದಲ್ಲಿ ಒಬ್ಬ ವೃದ್ಧ ಹವಾಲ್ದಾರರು ಮಠಕ್ಕೆ ಬಂದು, ಮಾತಿನ ನಡುವೆ, ನಾವು ಈಗ ನಿಮಗೆ ಹೇಳಿದ ಕಾರಿನ ಪ್ರಸಂಗವನ್ನು ನಮಗೆ ಹೇಳಿದರು. ಅವರಿಗೆ ನಮ್ಮ ವಿಷಯ ಏನೂ ಗೊತ್ತಿರಲಿಲ್ಲ. ಅವರು ಸಂತೋಷದಿಂದ ಹೇಳಿ ಹೋದರು. ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗ್ಗೆ ಪೂಜೆಗೆ ಕುಳಿತರೆ ಕಣ್ಣ ಮುಂದೆ ಜಗುಲಿಯ ಮೇಲೆ ನಿಂತ ಆ ಹುಡುಗನೇ. ಆಳನ್ನು ಕಳುಹಿಸಿ ಹುಡುಕಿಸಿದೆವು. ಹುಡುಗ ಪಟ್ಟಣದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ. ಕರೆತಂದು, ಇನ್ನೊಂದು ಚಾಪೆ ಹಾಸಲು ಎಡೆ ಮಾಡಿ, ನಿಲಯದಲ್ಲಿ ಇರಿಸಿಕೊಂಡೆವು. ತಂಗಿಯನ್ನು ಕರೆಸಿ, ನಿನ್ನ ಮಗನ ಊಟ ವಸತಿಯ ವೆಚ್ಚವನ್ನು ಪೂರ್ತಿ ಕಟ್ಟಬೇಕಮ್ಮ ಎಂದೆವು. ಅವಳಿಗೆ ಬಹಳ ನೋವಾಯಿತು. ಒಂದು ವರ್ಷ ಮಠದ ಕಡೆ ಬರಲಿಲ್ಲ. ಆಮೇಲೆ ಬಂದಳು, ಈಗಲೂ ಬರುತ್ತಾಳೆ. ಹಣದ ಲೆಕ್ಕವೇನೋ ಸರಿಹೋಯಿತು. ಆದರೆ ಶಾಲೆ ಪ್ರಾರಂಭವಾಗಿ ಬಹಳ ದಿನ ಕಳೆದಿದ್ದುದರಿಂದ ಆ ಹುಡುಗ ಒಂದು ವರ್ಷ ಹಿಂದೆ ಬಿದ್ದ. ಆ ಒಂದು ವರ್ಷವನ್ನು ನಾವು ಯಾವ ಲೆಕ್ಕದಿಂದ ಕಟ್ಟಿಕೊಡುವುದು? ಸಂಸಾರವನ್ನು ಬಿಟ್ಟೆವೆಂದು ಹೇಳಿಕೊಳ್ಳುವ ನಮ್ಮಲ್ಲಿ ‘ನನ್ನವರು’ ಎಂಬ ಪಕ್ಷಪಾತ ಉಳಿದುಕೊಂಡಿತ್ತು. ಸಂಸಾರದಲ್ಲಿಯೇ ಇದ್ದ ಆ ಸೇನಾನಿಯಲ್ಲಿ ಅದು ಇರಲಿಲ್ಲ. ಹೀಗಿರುವಾಗ ಯಾರು ವಿರಕ್ತರು, ಯಾರು ಸಂಸಾರಿಗಳು? ನೀವೇ ಹೇಳಿ.

ಬಂಧುಗಳೇ, ಕಾರ್ಯಪ್ಪನವರಿಗೆ ಹಿಂದಿ ಭಾಷೆ ಅಷ್ಟಾಗಿ ಬಾರದು. ಅವರ ಹಿಂದಿಯ ಬಗ್ಗೆ ಸೈನಿಕರಲ್ಲಿ ಅನೇಕ ಹಾಸ್ಯದ ಕಥೆಗಳು ಇವೆ; ನಿಮ್ಮಲ್ಲಿ ಹಿರಿಯರು ಈಗಾಗಲೇ ನಗಲು ಪ್ರಾರಂಭಿಸಿದ್ದೀರಿ. ಅವುಗಳಲ್ಲಿ ಒಂದು ಹೀಗಿದೆ. ಸೈನಿಕರ ಮನೆಯ ಹೆಂಗಸರ ಸಭೆಯಲ್ಲಿ ಕುಟುಂಬ ಚಿಕ್ಕದಾಗಿರಬೇಕೆಂದು ತಿಳಿಯಹೇಳಲು ಹೊರಟು, ತಾಯಂದಿರೇ, ಅಕ್ಕತಂಗಿಯರೇ, ನೀವು ಎರಡು ಮಕ್ಕಳನ್ನು ಹೆರಿರಿ, ಒಂದು ನಿಮಗೆ, ಒಂದು ನನಗೆ ಎಂದುಬಿಟ್ಟರಂತೆ! ಒಂದು ಮಗು ಮನೆಗೆ, ಇನ್ನೊಂದು ಸೇನೆಗೆ ಎಂಬುದು ಅವರ ಅಭಿಪ್ರಾಯ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿರಬೇಕು.

ನಕ್ಕಾದ ಮೇಲೆ ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ‘ಒಂದು ನಿಮಗೆ, ಒಂದು ನನಗೆ.’ ಪರರ ಮಕ್ಕಳನ್ನು ಕೇಳುವುದು ಸುಲಭವಾದ ಕೆಲಸವಲ್ಲ. ಹಾಗೆ ಕೇಳುವವನಿಗೆ ಎರಡು ಯೋಗ್ಯತೆಗಳಿರಬೇಕು. ಕೊಟ್ಟ ಮಗುವನ್ನು ಸ್ವಂತ ಮಗುವೆಂದು ನೋಡಿಕೊಳ್ಳಬೇಕು. ಕೊಡುವ ಸರದಿ ತನಗೆ ಬಂದಾಗ ಹಿಂಜರಿಯಬಾರದು. ಕಾರ್ಯಪ್ಪನವರಲ್ಲಿ ಈ ಎರಡೂ ಇದ್ದವೇ ಎಂಬುದನ್ನು ಪರೀಕ್ಷಿಸೋಣ.

ಮೊದಲನೆಯದು. ಆಂಗ್ಲರ ಕಾಲದಲ್ಲಿ ಅನೇಕ ಪಡೆಗಳಿಗೆ ಇಂತಿಂತಹ ಜಾತಿಯವರನ್ನೇ ಸೇರಿಸಿಕೊಳ್ಳಬೇಕೆಂಬ ಕಟ್ಟುಪಾಡಿತ್ತು. 1949ರಲ್ಲಿ ಕಾರ್ಯಪ್ಪನವರು ಹಳೆಯ ನಾಲ್ಕು ಪಡೆಗಳ ಬೆಟಾಲಿಯನ್ನುಗಳನ್ನು ಒಂದುಗೂಡಿಸಿ ‘ಗಾರ್ಡ್ಸ್’ ಎಂಬ ಹೊಸ ಪಡೆಯನ್ನು ಕಟ್ಟಿದರು. ಅದರಲ್ಲಿ ಯಾವ ಪ್ರಾಂತದವರಾಗಲಿ, ಯಾವ ಜಾತಿಯವರಾಗಲಿ, ಎಲ್ಲರಿಗೂ ಎಡೆ. ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣಬೇಕು, ಒಂದೇ ಸಾಲಿನಲ್ಲಿ ನಿಲ್ಲಬೇಕು. ಪಂಕ್ತಿಭೇದವಿಲ್ಲದ ಊಟವೆಂದರೆ ಏನೆಂಬುದನ್ನು ಈ ಮಠದಲ್ಲಿ ಪ್ರಸಾದ ಸ್ವೀಕರಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಯಜಮಾನನಾದವನು ಒಬ್ಬ ಮಗನಿಗೆ ಒಂದು ತಟ್ಟೆ, ಇನ್ನೊಬ್ಬನಿಗೆ ಇನ್ನೊಂದು ತಟ್ಟೆ ಇಡುತ್ತಾನೆಯೇ? 1953ರ ಜನವರಿಯಲ್ಲಿ ಸೇನೆಯಿಂದ ನಿವೃತ್ತರಾದರು. ಆ ಮೇಲೆ 1956ರವರೆಗೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ನಮ್ಮ ಹೈಕಮಿಷನರ್ ಆಗಿದ್ದರು. ಅನಂತರ ಮಡಿಕೇರಿಯ ‘ರೋಷನಾರ’ ಎಂಬ ತಮ್ಮ ಮನೆಯಲ್ಲಿ ನೆಲೆಸಿದರು. ಅಲ್ಲಿ ಸುಮ್ಮನೆ ಕುಳಿತರೇ? ನಿಮ್ಮಂತಹ ಮಾಜಿ ಸೈನಿಕರಿಗಾಗಿ ಇಡೀ ದೇಶಕ್ಕೆ ಒಂದು ಸಂಘ ಬೇಕೆಂದು ಓಡಾಡಿ, 1964ರಲ್ಲಿ ಅದನ್ನು ಕಟ್ಟಿದರು. ಮಗ ದುಡಿಯುವವರೆಗೆ ಮಾತ್ರ ಮಗ, ಆಮೇಲೆ ಹೊರೆ ಎಂದು ನೋಡುವವನು ತಂದೆಯಲ್ಲ. ಕೊಟ್ಟ ಮಕ್ಕಳನ್ನು ಅವರು ಕೊನೆಯವರೆಗೆ ಮರೆಯಲಿಲ್ಲ.

ಇನ್ನು ಎರಡನೆಯ ಪರೀಕ್ಷೆ. ಅದಕ್ಕೆ ಮೊದಲು ನಿಮಗೆ ಇನ್ನೊಬ್ಬ ಸೇನಾಪತಿಯ ಕಥೆಯನ್ನು ನೆನಪು ಮಾಡಿಕೊಡಬೇಕು. ಮಹಾಭಾರತದ ದ್ರೋಣಾಚಾರ್ಯರು. ವಿದ್ಯೆಯಲ್ಲಿ ಅವರಿಗೆ ಎಣೆಯಿಲ್ಲ. ಅವರಿಗೂ ಒಬ್ಬನೇ ಮಗ, ಅಶ್ವತ್ಥಾಮ. ಮನೆಯಲ್ಲಿ ಕಡುಬಡತನ. ಇತರ ಹುಡುಗರು ಹಾಲು ಕುಡಿಯುವುದನ್ನು ನೋಡಿ ತನಗೂ ಬೇಕೆಂದು ಅತ್ತ ಆ ಕೂಸಿಗೆ, ಆಟದ ಹುಡುಗರು ಹಿಟ್ಟು ಕದಡಿದ ನೀರನ್ನು ಕೊಟ್ಟರು. ಹಾಲು ಕುಡಿದೆನೆಂದು ಕೂಸು ಕುಣಿಯಿತು. ಅದನ್ನು ಕಂಡ ತಂದೆಯ ಕರುಳು ಹೇಗೆ ಕಿವುಚಿರಬೇಡ! ಅಂದು ಹೊರಟ ದ್ರೋಣರು ಬಾಲ್ಯದ ಗೆಳೆಯನಾದ ದ್ರುಪದರಾಜನ ಮುಂದೆ ನಿಂತು, ಅಪಮಾನವನ್ನುಂಡು, ಅದನ್ನು ಎದೆಯಲ್ಲಿಟ್ಟುಕೊಂಡು ಹಸ್ತಿನಾವತಿಗೆ ಬಂದರು. ಮುಂದಿನ ಕಥೆಯೆಲ್ಲ ಆ ಹಿಟ್ಟಿನ ನೀರಿನಿಂದಲೇ ಹುಟ್ಟಿತೆಂದರೂ ತಪ್ಪಿಲ್ಲ. ಕೊನೆಗೆ ಕುರುಕ್ಷೇತ್ರದಲ್ಲಿ ಅವರನ್ನು ಗೆದ್ದುದು ಯಾರ ಬಾಣವೂ ಅಲ್ಲ. ಅಶ್ವತ್ಥಾಮ ಸತ್ತನೆಂಬ ಒಂದು ಮಾತು. ಸತ್ತುದು ಆನೆ, ತಂದೆಯ ಕಿವಿಗೆ ಬಿದ್ದುದು ಮಗನ ಹೆಸರು. ಮಹಾಸೇನಾಪತಿ ಶಸ್ತ್ರವನ್ನು ಕೆಳಗಿಟ್ಟರು.

ದ್ರೋಣರನ್ನು ನಾವು ದೂಷಿಸುತ್ತಿಲ್ಲ. ಹೆತ್ತವರಾರಾದರೂ ಅವರನ್ನು ದೂಷಿಸಲಾರರು. ಆದರೆ ಒಂದನ್ನು ಮನಗಾಣಬೇಕು. ಆ ಹದಿನೈದು ದಿನಗಳಲ್ಲಿ ಅದೇ ರಣಭೂಮಿಯಲ್ಲಿ ಎಷ್ಟು ತಂದೆಯರ ಮಕ್ಕಳು ಬಿದ್ದಿದ್ದರು! ಬಾಲಕ ಅಭಿಮನ್ಯುವೂ ಬಿದ್ದಿದ್ದ, ಅದೂ ದ್ರೋಣರೇ ಹೂಡಿದ ವ್ಯೂಹದಲ್ಲಿ. ಆಗ ಕೆಳಗಿಳಿಯದ ಶಸ್ತ್ರ ತನ್ನ ಮಗನ ಹೆಸರು ಕೇಳಿದಾಗ ಇಳಿಯಿತು. ಮುಂದೆ ಆ ಮಗನೇ ತಂದೆಯ ಸೇಡಿಗಾಗಿ ರಾತ್ರಿಯ ಹೊತ್ತು ಮಲಗಿದ್ದ ದ್ರೌಪದಿಯ ಮಕ್ಕಳನ್ನು ಕೊಂದ. ತನ್ನ ಮಗನನ್ನಷ್ಟೇ ಕಾಣುವ ಮಮತೆ ಪರರ ಮಕ್ಕಳನ್ನು ತಿನ್ನುತ್ತದೆ. ಇದು ಕಥೆಯ ಸಾರ.

ಈಗ 1965ನೆಯ ಇಸವಿಗೆ ಬನ್ನಿ. ಪಾಕಿಸ್ತಾನದೊಡನೆ ಯುದ್ಧ. ಕಾರ್ಯಪ್ಪನವರಿಗೆ ಅರವತ್ತಾರು ವರ್ಷ. ಸೇನೆ ಬಿಟ್ಟು ಹನ್ನೆರಡು ವರ್ಷಗಳಾಗಿವೆ. ಅವರ ಒಬ್ಬನೇ ಮಗ ನಂದಾ ಕಾರ್ಯಪ್ಪ ವಾಯುಪಡೆಯಲ್ಲಿ ಫ್ಲೈಟ್ ಲೆಫ್ಟಿನೆಂಟ್. ಕದನವಿರಾಮ ಜಾರಿಗೆ ಬರಲು ಇನ್ನು ಕೆಲವೇ ಗಂಟೆಗಳಿವೆ ಎನ್ನುವಾಗ, ಸೆಪ್ಟೆಂಬರ್ 22ರಂದು, ಅವರು ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಶತ್ರುವಿನ ಗುಂಡು ತಗುಲಿತು. ವಿಮಾನದಿಂದ ಹೊರಕ್ಕೆ ಹಾರಿದಾಗ ಬೆನ್ನುಮೂಳೆಗೆ ಪೆಟ್ಟು ಬಿದ್ದಿತು. ಇಳಿದುದು ಶತ್ರುವಿನ ನೆಲದಲ್ಲಿ; ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಫೀಲ್ಡ್ ಮಾರ್ಷಲ್ ಅಯೂಬ್ ಖಾನ್. ದೇಶ ಒಡೆಯುವುದಕ್ಕೆ ಮೊದಲು ಅವರು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಸೆರೆ ಸಿಕ್ಕವನು ಯಾರ ಮಗನೆಂದು ತಿಳಿದೊಡನೆ ಪಾಕಿಸ್ತಾನದ ರೇಡಿಯೋದಲ್ಲಿ, ಆತ ಕ್ಷೇಮವಾಗಿದ್ದಾನೆಂದು ಸಾರಿಸಿದರು. ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರ ಮೂಲಕ, ಬೇಕಾದರೆ ಬಿಟ್ಟುಕೊಡುತ್ತೇವೆಂದು ತಂದೆಗೆ ಹೇಳಿ ಕಳುಹಿಸಿದರು.

ತಾಯಂದಿರೇ, ನಿಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿ. ಮಗ ಗಾಯಗೊಂಡು ಪರದೇಶದ ಸೆರೆಯಲ್ಲಿದ್ದಾನೆ. ತಾಯಿಯಿಲ್ಲದ ಮಗ. ‘ಆಗಲಿ’ ಎಂಬ ಒಂದು ಮಾತಿಗೆ ಮನೆಗೆ ಬರುತ್ತಾನೆ. ಯಾರೂ ತಪ್ಪು ಹೇಳುತ್ತಿರಲಿಲ್ಲ. ಇವರು ಲಂಚ ಕೇಳಲಿಲ್ಲ, ಶಿಫಾರಸು ಮಾಡಿಸಲಿಲ್ಲ. ಹಳೆಯ ಪರಿಚಯದ ಮೇಲೆ ತಾನಾಗಿ ಬಂದ ಸೌಜನ್ಯ ಅದು.

ಕಾರ್ಯಪ್ಪನವರು ಆ ಸೌಜನ್ಯಕ್ಕೆ ವಂದನೆ ಹೇಳಿದರು. ಬಳಿಕ, ಅವನೊಬ್ಬನೇ ನನ್ನ ಮಗನಲ್ಲ, ಅಲ್ಲಿ ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲ ನನ್ನ ಮಕ್ಕಳೇ. ಬಿಟ್ಟರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಅವನನ್ನೂ ಬಿಡಬೇಡಿ. ಅವನಿಗೆಂದು ಬೇರೆ ಉಪಚಾರ ಬೇಡ ಎಂಬರ್ಥದ ಉತ್ತರ ಕೊಟ್ಟರು.

ಲಾರಿ ಬಾರದ ದಿನದ ಕಾರು ನಿಮಗೆ ನೆನಪಾಯಿತಲ್ಲವೇ? ಅಂದು ಶಾಲೆಯ ಬಾಗಿಲಲ್ಲಿ ತನ್ನ ಮಗನಿಗೆಂದು ಬಂದ ಕಾರನ್ನು ಒಪ್ಪದಿದ್ದ ತಂದೆಯೇ ಇಂದು ಸೆರೆಮನೆಯ ಬಾಗಿಲಲ್ಲಿಯೂ ನಿಂತಿದ್ದರು. ಮನಸ್ಸು ಒಂದೇ, ಕೊಡಬೇಕಾದ ಬೆಲೆ ಮಾತ್ರ ಬೇರೆ. ಸಣ್ಣದರಲ್ಲಿ ಅಭ್ಯಾಸವಿಲ್ಲದವನಿಗೆ ದೊಡ್ಡದು ಬಂದ ದಿನ ಬಾಯಿಗೆ ಆ ಮಾತು ಬರುವುದಿಲ್ಲ. ಉತ್ತರ ಕೊಟ್ಟ ಮೇಲೆ ಆ ರಾತ್ರಿ ಅವರು ಹೇಗೆ ಕಳೆದರು? ಅದನ್ನು ಯಾವ ಪುಸ್ತಕವೂ ಹೇಳಲಾರದು. ಕಲ್ಲೆದೆಯವರಾಗಿದ್ದರೆ ಈ ಮಾತಿಗೆ ಬೆಲೆಯೇ ಇರುತ್ತಿರಲಿಲ್ಲ. ಆ ಮಕ್ಕಳಿಗೆ ತಾವೇ ತಾಯಿಯಾಗಿದ್ದವರು ಆಡಿದ ಮಾತಾದುದರಿಂದಲೇ ಅದಕ್ಕೆ ಬೆಲೆ.

ಯುದ್ಧಕೈದಿಗಳು ಬಿಡುಗಡೆಯಾಗುವ ಕಾಲ ಬಂದಾಗ, 1966ರ ಜನವರಿ 22ರಂದು, ನಾಲ್ಕು ತಿಂಗಳ ಸೆರೆ ಮುಗಿಸಿ ನಂದಾ ಕಾರ್ಯಪ್ಪನವರು ಹಿಂದಿರುಗಿದರು. ಮುಂದೆ ಅವರು ವಾಯುಪಡೆಯಲ್ಲಿ ಏರ್ ಮಾರ್ಷಲ್ ಪದವಿಯವರೆಗೆ ಏರಿದರು; ತಂದೆಯ ಜೀವನಚರಿತ್ರೆಯನ್ನೂ ಬರೆದರು. ಅದನ್ನು ನಾವು ಬಹಳ ದೊಡ್ಡ ಸಾಕ್ಷಿ ಎಂದು ಭಾವಿಸುತ್ತೇವೆ. ನನ್ನನ್ನು ಬಿಡಿಸಿಕೊಳ್ಳದ ತಂದೆ ಎಂದು ಮಗನ ಮನಸ್ಸು ಕಹಿಯಾಗಬಹುದಾಗಿತ್ತು. ಹಾಗಾಗಲಿಲ್ಲ. ತಂದೆಯ ನ್ಯಾಯವನ್ನು ಚಿಕ್ಕಂದಿನಿಂದ ಕಂಡ ಮಗನಿಗೆ ಆ ಉತ್ತರದಲ್ಲಿ ಪ್ರೀತಿಯೇ ಕಂಡಿತು. ಮಕ್ಕಳಿಗೆ ನಾವು ಏನು ಕೊಟ್ಟೆವೆಂಬುದನ್ನು ಅವರು ಮರೆಯಬಹುದು. ಏನನ್ನು ಕೊಡಲು ನಿರಾಕರಿಸಿದೆವು, ಏಕೆ ನಿರಾಕರಿಸಿದೆವು ಎಂಬುದನ್ನು ಮರೆಯುವುದಿಲ್ಲ.

ಈಗ ನಿಮ್ಮ ಮನೆಗಳ ಮಾತಿಗೆ ಬರುತ್ತೇವೆ. ನಿವೃತ್ತರಾಗಿ ಬಂದಿರುವ ಬಂಧುಗಳೇ, ನಿಮ್ಮಲ್ಲಿ ಅನೇಕರು ಮಕ್ಕಳ ಬಾಲ್ಯವನ್ನು ಕಾಣಲಿಲ್ಲ. ಎರಡು ತಿಂಗಳ ರಜೆಗೆ ಬಂದಾಗ ಕೂಸು ಗುರುತು ಹಿಡಿಯದೆ ತಾಯಿಯ ಸೆರಗಿನ ಹಿಂದೆ ಅವಿತುಕೊಂಡಿತು; ಗುರುತು ಹತ್ತುವ ಹೊತ್ತಿಗೆ ರಜೆ ಮುಗಿಯಿತು. ಈಗ ಮನೆಗೆ ಬಂದಿದ್ದೀರಿ; ಮಕ್ಕಳು ಎದೆಯೆತ್ತರ ಬೆಳೆದಿದ್ದಾರೆ. ಕಳೆದುಹೋದ ವರ್ಷಗಳನ್ನು ಒಂದೇ ದಿನದಲ್ಲಿ ತುಂಬಿಕೊಡಬೇಕೆಂಬ ಆತುರದಿಂದ ಮನೆಯನ್ನು ಕವಾಯತು ಮೈದಾನ ಮಾಡಬೇಡಿ. ಸಾಲ ಮಾಡಿ ಕೇಳಿದ್ದನ್ನೆಲ್ಲ ಕೊಡಿಸಿ ಪ್ರೀತಿಯನ್ನು ಕೊಳ್ಳಲೂ ಹೋಗಬೇಡಿ. ಅವರ ಜೊತೆಯಲ್ಲಿ ಕುಳಿತು ಉಣ್ಣಿರಿ. ನೀವು ಕಂಡ ಊರುಗಳನ್ನು, ಕಳೆದುಕೊಂಡ ಗೆಳೆಯರನ್ನು ಅವರಿಗೆ ಹೇಳಿರಿ. ನೀವಿಲ್ಲದಾಗ ಹೊಲ, ಮನೆ, ಮುಪ್ಪಿನವರು, ಕೂಸುಗಳು, ಎಲ್ಲವನ್ನೂ ಒಬ್ಬಳೇ ಕಾಯ್ದ ನಿಮ್ಮ ಮಡದಿಗೆ, ಅವಳದೂ ಸೇವೆಯೇ ಎಂದು ಒಂದು ಸಾರಿ ಬಾಯಿ ಬಿಟ್ಟು ಹೇಳಿರಿ. ಅವಳಿಗೆ ಪದಕವನ್ನು ಕೊಡುವವರು ನೀವಲ್ಲದೆ ಇನ್ನಾರು?

ಊರಿನವರಿಗೂ ಒಂದು ಮಾತು. ‘ಒಂದು ನನಗೆ’ ಎಂದು ನಾಡು ಕೇಳಿತು. ಈ ಮನೆಗಳು ಕೊಟ್ಟವು. ಇವರ ಮಗು ನಮ್ಮ ಶಾಲೆಯ ಬಾಗಿಲಿಗೆ, ನಮ್ಮ ಕಚೇರಿಯ ಬಾಗಿಲಿಗೆ, ನಮ್ಮ ಮಠದ ಬಾಗಿಲಿಗೆ ಬಂದಾಗ ‘ಜಾಗ ತುಂಬಿದೆ’ ಎಂದು ಹೇಳುವ ಮೊದಲು, ಅದನ್ನು ಯಾರಿಂದ ತುಂಬಿದ್ದೇವೆಂದು ನಾವು ನಮ್ಮನ್ನು ಕೇಳಿಕೊಳ್ಳಬೇಕು. ನಮ್ಮ ಪ್ರಸಾದ ನಿಲಯದಲ್ಲಿ ಅಂದಿನಿಂದ ಒಂದು ನಿಯಮವಿದೆ. ಕೊನೆಯ ಸ್ಥಾನವನ್ನು ನಾವು ತುಂಬುವುದಿಲ್ಲ. ಬಾಗಿಲಿಗೆ ಬರುವ ತಾಯಿಗಾಗಿ ಅದನ್ನು ಖಾಲಿ ಇಡುತ್ತೇವೆ.

ಕಾರ್ಯಪ್ಪನವರಿಗೆ 1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಫೀಲ್ಡ್ ಮಾರ್ಷಲ್ ಪದವಿಯನ್ನು ನೀಡಲಾಯಿತು. ಆಗ ಅವರಿಗೆ ಎಂಬತ್ತೇಳು ವರ್ಷ. ಅವರಿಗಿಂತ ಮೊದಲು ಆ ಗೌರವ ಪಡೆದಿದ್ದವರು ಮಾಣಿಕ್‌ಷಾ ಒಬ್ಬರೇ. 1993ರ ಮೇ 15ರಂದು ಬೆಂಗಳೂರಿನಲ್ಲಿ, ತೊಂಬತ್ತನಾಲ್ಕು ವರ್ಷದ ತುಂಬು ಬಾಳನ್ನು ಮುಗಿಸಿ ಅವರು ಶಿವಸಾಯುಜ್ಯವನ್ನು ಪಡೆದರು. ಮಡಿಕೇರಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಮೂರು ಸೇನೆಗಳ ಮುಖ್ಯಸ್ಥರೂ ವೃದ್ಧ ಮಾಣಿಕ್‌ಷಾ ಅವರೂ ಬಂದಿದ್ದರು. ಶನಿವಾರಸಂತೆಯ ಚಿಮ್ಮ ಇಷ್ಟು ದೊಡ್ಡ ಮನೆತನದ ಯಜಮಾನನಾಗಿ ಹೊರಟುಹೋದರು.

ಮನೆಯನ್ನು ಪ್ರೀತಿಸುವವನು ನಾಡನ್ನು ಪ್ರೀತಿಸಬಲ್ಲನೇ ಎಂದು ಮೊದಲಿಗೆ ಕೇಳಿದೆವು. ಪ್ರೀತಿಸಬಲ್ಲನು, ಅವನು ಮನೆಯ ಗೋಡೆಯನ್ನು ಒಂದೊಂದೇ ಮಾರು ಹೊರಕ್ಕೆ ಸರಿಸುತ್ತ ಹೋದರೆ. ಮಮತೆಯನ್ನು ಬಿಡಿ ಎಂದು ನಾವು ನಿಮಗೆ ಹೇಳುವುದಿಲ್ಲ. ಬಿಟ್ಟೆವೆಂದು ಹೇಳಿದ ನಮ್ಮ ಗತಿ ಏನಾಯಿತೆಂಬುದನ್ನು ಈಗಾಗಲೇ ಕೇಳಿದ್ದೀರಿ. ಅದನ್ನು ನೆರೆಮನೆಯವರೆಗೆ ಒಯ್ಯಿರಿ. ಅಲ್ಲಿಂದ ಮುಂದಿನ ಮನೆಗೆ ಒಯ್ಯಿರಿ. ನಿಮ್ಮ ಮಗನಿಗೆ ಏನನ್ನಾದರೂ ಕೇಳುವಾಗ ಅವನ ಹಿಂದೆ ಸಾಲಿನಲ್ಲಿ ನಿಂತ ಇನ್ನೊಬ್ಬರ ಮಗನನ್ನು ಒಂದು ಸಾರಿ ತಿರುಗಿ ನೋಡಿರಿ. ಅಷ್ಟು ಮಾಡಿದರೆ ಈ ದಿನದ ಸ್ಮರಣೆ ಸಾರ್ಥಕವಾಯಿತು.

ಗಡಿಯಲ್ಲಿರುವ ನಿಮ್ಮ ಮಕ್ಕಳೆಲ್ಲರಿಗೂ ಆಯುರಾರೋಗ್ಯವನ್ನೂ, ಅವರನ್ನು ಕಾಯುತ್ತ ಕುಳಿತಿರುವ ಈ ತಾಯಂದಿರಿಗೆ ಧೈರ್ಯವನ್ನೂ ಪರಶಿವನು ಕರುಣಿಸಲಿ ಎಂದು ಹಾರೈಸಿ ನಮ್ಮ ಮಾತಿಗೆ ವಿರಾಮ ಕೊಡುತ್ತೇವೆ. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಹೋಗಬೇಕು.